ದಪ್ತರದ ಕೀಲಿಕೈ

ಬೆಂಗಳೂರಿನಲ್ಲಿ ಕಂಪ್ಯೂಟರ್ ಜಾಲಗಳ ದುರಸ್ತಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಯಲವಿಗಿಗೆ ಬಂದಿದ್ದ. "ಸರ್, ನಿಮ್ಮ ಇತಿಹಾಸಕ್ಕೂ ನಮ್ಮ ಕೆಲಸಕ್ಕೂ ಏನರ ಸಂಬಂಧ ಐತೇನ್ರಿ?" ಎಂದು ನಗುತ್ತ ಕೇಳಿದ. ಆಗ ನನಗೆ ನೆನಪಾದದ್ದು ನಮ್ಮ ಅಣ್ಣನ ಉತಾರ. (ಉತಾರವೆಂದರೆ ಪಹಣಿ, ಪಟ್ಟಣದಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತಿದ್ದೇನೆ.)

ಮುಂಬಯಿ ಪ್ರಾಂತದ ಕಾಲದಲ್ಲಿ ನಮ್ಮ ಕಡೆಯ ಹೊಲಗಳ ಲೆಕ್ಕವೆಲ್ಲ ವಂಶಪಾರಂಪರ್ಯದ ಕುಲಕರ್ಣಿಗಳ ದಪ್ತರದಲ್ಲಿರುತ್ತಿತ್ತು. ಅವರು ಪರಸ್ಥಳಕ್ಕೆ ಹೋದರೆ ದಪ್ತರಕ್ಕೆ ಕೀಲಿ ಬೀಳುತ್ತಿತ್ತು, ರೈತ ಕಟ್ಟೆಯ ಮೇಲೆ ಕಾಯುತ್ತ ಕೂಡುತ್ತಿದ್ದನೆಂದು ತಂದೆಯವರು ಹೇಳುತ್ತಿದ್ದರು. 1950ರ ಕಾಯ್ದೆಯಿಂದ ಕುಲಕರ್ಣಿ ವತನಗಳು ರದ್ದಾಗಿ, ಸಂಬಳದ ತಲಾಟಿಗಳು ಬಂದರು. ಕೀಲಿಕೈ ಮಾತ್ರ ಮತ್ತೆ ಒಬ್ಬರ ಕಿಸೆಯಲ್ಲಿಯೇ ಉಳಿಯಿತು.

ಆ ಕಿಸೆಯಿಂದ ಅದನ್ನು ಹೊರತೆಗೆದದ್ದು 'ಭೂಮಿ' ಯೋಜನೆ. ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಉತಾರ ಸಿಗುತ್ತಿತ್ತು. ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯೂ ಇತ್ತು. ಅದನ್ನು ನೋಡಿ ನಾನು ನಿಜಕ್ಕೂ ಹಿಗ್ಗಿದ್ದೆ.

2005ರ ಜೂನ್ ತಿಂಗಳು. ಬೆಳೆಸಾಲಕ್ಕೆ ಉತಾರ ಬೇಕೆಂದು ಅಣ್ಣನೊಡನೆ ಒಂದು ಕಚೇರಿಗೆ ಹೋದೆ. ಮೂರು ದಿನ ಒಂದೇ ಉತ್ತರ: "ಕಂಪ್ಯೂಟರ್ ಕೆಟ್ಟೈತ್ರಿ." ನಾಲ್ಕನೆಯ ದಿನ ದುರಸ್ತಿಯ ಹುಡುಗ ಬಂದ. ಅವನ ಕೆಲಸದ ಕ್ರಮ ಪಾಠ ಮಾಡುವಂತಿತ್ತು. ಮೊದಲು ಕೇಬಲ್ಲುಗಳು ಕೂಡುವ ಹಬ್ಬಿನ ಹಸಿರು ದೀಪಗಳನ್ನು ನೋಡಿದ, ಉರಿಯುತ್ತಿದ್ದವು. ಬಳಿಕ ಒಳಕೋಣೆಯ ಸರ್ವರಿಗೆ 'ಪಿಂಗ್' ಕಳಿಸಿದ. ಪಿಂಗ್ ಎಂದರೆ ಬಾಗಿಲ ಹೊರಗೆ ನಿಂತು ಕೂಗಿದಂತೆ, ಒಳಗಿದ್ದವರು 'ಓ' ಎನ್ನಬೇಕು. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮುಸ್ ಎಂಬವರು ಬರೆದ ಈ ಪುಟ್ಟ ತಂತ್ರಾಂಶಕ್ಕೆ, ನೀರೊಳಗಿನ ವಸ್ತುಗಳನ್ನು ಹುಡುಕುವ ಸೋನಾರಿನ ಸದ್ದೇ ಹೆಸರಾಯಿತು. ಸರ್ವರ್ 'ಓ' ಎಂದಿತು. ಎಂದ ಮೇಲೆ ದಾರಿ ಸರಿಯಾಗಿದೆ, ಬಾಗಿಲಷ್ಟೇ ತೆರೆಯುತ್ತಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಬೇರೊಬ್ಬ ಸಿಬ್ಬಂದಿ ಬೆರಳಿಟ್ಟರು, ಬಾಗಿಲು ತೆರೆಯಿತು. ಆಗ ಹುಡುಗ ಕಿಟಕಿಯಲ್ಲಿದ್ದವರನ್ನು ಕೇಳಿದ, "ನೀವು ಇಲ್ಲಿಗೆ ಯಾವಾಗ ಬಂದ್ರಿ?" ಅವರು ಹಿಂದಿನ ವಾರವಷ್ಟೇ ವರ್ಗವಾಗಿ ಬಂದಿದ್ದರು. ಅವರ ಬೆರಳಚ್ಚನ್ನು ಸರ್ವರಿನಲ್ಲಿ ಯಾರೂ ದಾಖಲಿಸಿರಲಿಲ್ಲ. ಕೆಟ್ಟದ್ದು ಕಂಪ್ಯೂಟರ್ ಅಲ್ಲವೇ ಅಲ್ಲ.

ಬೆರಳೇ ಏಕೆ? ಗುಪ್ತಪದ ಸಾಲದೆ? 1961ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ತೋರಿಸಿತು. ಅದರಲ್ಲಿ ಗುಪ್ತಪದಗಳು ಬಂದವು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ, ತನ್ನ ಪಾಲಿನ ಸಮಯ ಸಾಲದೆಂದು, ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡ! ಗುಪ್ತಪದವನ್ನು ಕದಿಯಬಹುದು, ಕೊಡಬಹುದು, 'ನಾನಲ್ಲ' ಎನ್ನಬಹುದು. ಹೊಲದ ದಾಖಲೆ ತಿದ್ದಿದವರು ಹಾಗೆ ಜಾರಿಕೊಳ್ಳಬಾರದೆಂದೇ 'ಭೂಮಿ'ಯಲ್ಲಿ ಬೆರಳಚ್ಚನ್ನು ಇಟ್ಟರು. ಹೆಬ್ಬೆಟ್ಟು ಒತ್ತುವವರಿಗೆ ಸಹಿ ಕಲಿಸಲು ನಾವು ಮಾಸ್ತರರು ರಾತ್ರಿ ಶಾಲೆಗಳಲ್ಲಿ ಹೆಣಗಿದೆವು. ಕಡೆಗೆ ಸಹಿ ಬಲ್ಲ ಸಿಬ್ಬಂದಿಯೇ ಬೆರಳು ಒತ್ತುವ ಕಾಲ ಬಂತು. ಆ ಕಟ್ಟುನಿಟ್ಟು ಸರಿಯೆಂದೇ ಇಂದಿಗೂ ನನ್ನ ಅಭಿಪ್ರಾಯ. ವರ್ಗಾವಣೆಯ ಆದೇಶದ ಜೊತೆಗೇ ಹೊಸಬರ ಬೆರಳಚ್ಚು ದಾಖಲಿಸುವ ನೆನಪು ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ, ಅಷ್ಟೆ.

ಇದನ್ನು ಕೇಳಿ ನನ್ನ ವಿದ್ಯಾರ್ಥಿ, "ನಾನೂ ಈಗ ಕೇಬಲ್ ಮುಟ್ಟೂಕಿಂತ ಮೊದಲು, ಹೊಸಬರು ಯಾರರ ಬಂದಾರೇನು ಅಂತ ಕೇಳ್ತೀನ್ರಿ" ಎಂದ.

ಅಣ್ಣನ ಕೈಗೆ ಉತಾರ ಬಂದದ್ದು ಐದನೆಯ ದಿನ. ಸಾಲ ಮಂಜೂರಾಗುವಷ್ಟರಲ್ಲಿ ಹೊಲದ ಹದ ಆರಿತ್ತು. ಅಷ್ಟರೊಳಗೆ ಅವನು ನೆರೆಯವರಿಂದ ಬೀಜ ಕೈಗಡ ತಂದು ಅರ್ಧ ಹೊಲ ಬಿತ್ತಿಯಾಗಿತ್ತು. ಉಳಿದರ್ಧ ಆ ಮುಂಗಾರಿಗೆ ಬೀಳುಬಿತ್ತು.