ನಗುವ ಪತ್ತೇದಾರನೂ ಹೆಸರುಗಳ ಪಟ್ಟಿಯೂ

ಪತ್ತೇದಾರಿ ಕಥೆಯೆಂದರೆ ಬಹುಮಟ್ಟಿಗೆ ಒಂದು ಹೆಸರಿನ ಶೋಧ. ಅಪರಾಧಿಯ ಹೆಸರು ಹೊರಬಿದ್ದೊಡನೆ ಕಥೆ ಮುಗಿಯುತ್ತದೆ. ಅಮೆರಿಕದ ಒಂದು ಬಾನುಲಿ ನಾಟಕಮಾಲೆಯ ಚರಿತ್ರೆ ಮಾತ್ರ ಇದಕ್ಕೆ ವಿಪರೀತವಾದುದು. ಅಲ್ಲಿ ಹೆಸರುಗಳು ಒಂದೊಂದಾಗಿ ಮರೆಯಾಗುತ್ತ, ಕೊನೆಗೆ ಪತ್ತೇದಾರನೇ ಮರೆಯಾದನು.

ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವನು. 1930ರಲ್ಲಿ ಗ್ರಂಥರೂಪ ತಾಳಿದ ಅವನ 'ದಿ ಮಾಲ್ಟೀಸ್ ಫಾಲ್ಕನ್' ಕಾದಂಬರಿಯ ನಾಯಕ ಸ್ಯಾಮ್ ಸ್ಪೇಡ್ ಕಠಿಣಹೃದಯಿ. ತಾನು ಮನಸೋತ ಹೆಣ್ಣನ್ನೂ ಪೊಲೀಸರಿಗೆ ಒಪ್ಪಿಸಬಲ್ಲವನು. 1946ರ ಜುಲೈ 12ರಂದು ಆರಂಭವಾದ 'ದಿ ಅಡ್ವೆಂಚರ್ಸ್ ಆಫ್ ಸ್ಯಾಮ್ ಸ್ಪೇಡ್' ಎಂಬ ಬಾನುಲಿ ಮಾಲೆ ಈ ಗಡಸು ಮನುಷ್ಯನನ್ನು ವಿನೋದಪುರುಷನನ್ನಾಗಿ ಮಾರ್ಪಡಿಸಿತು. ವಿಲಿಯಂ ಸ್ಪಿಯರ್ ಅದರ ನಿರ್ಮಾಪಕ, ನಿರ್ದೇಶಕ. ಸ್ಪೇಡನಿಗೆ ಧ್ವನಿಯಿತ್ತವನು ಹೊವರ್ಡ್ ಡಫ್. ಹ್ಯಾಮೆಟ್ ಪಾತ್ರವನ್ನೂ ತನ್ನ ಹೆಸರನ್ನೂ ಕೊಟ್ಟನೇ ಹೊರತು ನಾಟಕಗಳನ್ನು ಬರೆಯಲಿಲ್ಲ.

ಅರ್ಧ ಗಂಟೆಯ ಪ್ರಸಾರ ದೂರವಾಣಿಯ ಕರೆಯೊಂದಿಗೆ ಮೊದಲಾಗುವುದು. ಸ್ಪೇಡ್ ತನ್ನ ಕಾರ್ಯದರ್ಶಿನಿ ಎಫಿಗೆ ಮುಗಿದ ಪ್ರಕರಣದ ವರದಿಯನ್ನು ಹೇಳಿ ಬರೆಯಿಸುವನು. ತಾರೀಖು, ಕಕ್ಷಿದಾರನ ಹೆಸರು, 137596 ಎಂಬ ತನ್ನ ಪರವಾನಗಿಯ ಸಂಖ್ಯೆ, ಎಲ್ಲವೂ ಕಚೇರಿಯ ಕ್ರಮದಂತೆಯೇ. ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಇದರ ಹಾಸ್ಯ ಬೇಗನೆ ಹಿಡಿಸುತ್ತದೆ. ಒಣ ವರದಿಯ ಚೌಕಟ್ಟಿನೊಳಗೆ ಹೆಣ, ಪಿಸ್ತೂಲು, ತಲೆಗೆ ಬಿದ್ದ ಪೆಟ್ಟು, ಮಿತಿಮೀರಿದ ಉಪಮೆಗಳು! ಲ್ಯೂರೀನ್ ಟಟಲ್ ನುಡಿಯುತ್ತಿದ್ದ ಎಫಿಯ ಮುಗ್ಧ ಉದ್ಗಾರ ಸ್ಪೇಡನ ಜಂಬವನ್ನು ಕ್ಷಣದಲ್ಲಿ ಇಳಿಸಿಬಿಡುವುದು. ಗಡಸು ಪತ್ತೇದಾರರ ಪರಂಪರೆ ಹೀಗೆ ತನ್ನನ್ನು ಕುರಿತು ತಾನೇ ನಕ್ಕಿತು.

ಆದರೆ ಕಾಲ ನಗುವಿನದಾಗಿರಲಿಲ್ಲ. ಕಮ್ಯೂನಿಸ್ಟರ ಶೋಧ ಬಲಗೊಂಡಿದ್ದ 1940ರ ದಶಕದ ಕೊನೆಯಲ್ಲಿ ಹ್ಯಾಮೆಟ್ಟನ ಹೆಸರನ್ನು ಮಾಲೆಯಿಂದ ತೆಗೆಯಲಾಯಿತು. 1950ರ ಜೂನ್‌ನಲ್ಲಿ 'ರೆಡ್ ಚಾನೆಲ್ಸ್' ಎಂಬ ಪುಸ್ತಿಕೆ ಹೊರಬಂದಿತು. ಬಾನುಲಿ, ದೂರದರ್ಶನಗಳ 151 ಮಂದಿಯನ್ನು ಸಂಶಯಕ್ಕೆ ಗುರಿಪಡಿಸಿದ ಆ ಪಟ್ಟಿಯಲ್ಲಿ ಡಫ್‌ನ ಹೆಸರಿದ್ದಿತು. ಪಟ್ಟಿಗೆ ಸೇರಲು ನ್ಯಾಯಾಲಯದ ತೀರ್ಪು ಬೇಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಪ್ರಾಯೋಜಕರಾದ ವೈಲ್ಡ್‌ರೂಟ್ ಕೇಶತೈಲದವರು ಸ್ಪೇಡನನ್ನು ಕೈಬಿಟ್ಟು, ಚಾರ್ಲಿ ವೈಲ್ಡ್ ಎಂಬ ಹೊಸ ಪತ್ತೇದಾರನನ್ನು ನಿಲ್ಲಿಸಿದರು. ಅವನ ಹೆಸರು ಅವರ ಜಾಹೀರಾತಿನ ಘೋಷಣೆಯಿಂದಲೇ ಹುಟ್ಟಿದುದು! ಯಾವ ಹಾಸ್ಯಗಾರನೂ ಇದಕ್ಕಿಂತ ಮಿಗಿಲಾದುದನ್ನು ಕಲ್ಪಿಸಲಾರ. ನವೆಂಬರ್‌ನಲ್ಲಿ ಎನ್.ಬಿ.ಸಿ. ಸ್ಟೀವ್ ಡನ್ ಎಂಬ ನಟನೊಡನೆ ಮಾಲೆಯನ್ನು ಪುನಃ ಆರಂಭಿಸಿತಾದರೂ 1951ರ ಏಪ್ರಿಲ್‌ನಲ್ಲಿ ಅದು ನಿಂತಿತು.

ಅದೇ ವರ್ಷದ ಜುಲೈನಲ್ಲಿ ಹ್ಯಾಮೆಟ್ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಅವನು ಸಿವಿಲ್ ರೈಟ್ಸ್ ಕಾಂಗ್ರೆಸ್ ಸಂಸ್ಥೆಯ ಜಾಮೀನು ನಿಧಿಯ ವಿಶ್ವಸ್ತರಲ್ಲೊಬ್ಬ. ಆ ನಿಧಿಗೆ ಹಣ ಕೊಟ್ಟವರ ಹೆಸರುಗಳನ್ನು ಹೇಳೆಂದು ಕೇಳಿದರು, ಅವನು ಹೇಳಲಿಲ್ಲ. ನ್ಯಾಯಾಲಯ ನಿಂದನೆಗಾಗಿ ಆರು ತಿಂಗಳ ಶಿಕ್ಷೆಯಾಗಿ, ಸುಮಾರು ಐದು ತಿಂಗಳು ಸೆರೆಯಲ್ಲಿದ್ದನು. ಹೆಸರುಗಳನ್ನು ಪತ್ತೆಹಚ್ಚುವುದೇ ವೃತ್ತಿಯಾಗಿದ್ದ ಪಾತ್ರದ ಬಾಯನ್ನು ಮುಚ್ಚಿಸಿದ ವರ್ಷದಲ್ಲಿಯೇ, ಆ ಪಾತ್ರದ ಕರ್ತೃ ಹೆಸರು ಹೇಳಲೊಲ್ಲದೆ ಸೆರೆಮನೆಗೆ ನಡೆದನು. ಸ್ಪೇಡನ ಧ್ವನಿಮುದ್ರಣಗಳು ಎಷ್ಟೋ ಇಂದಿಗೂ ಉಳಿದಿವೆ. ಅವನ್ನು ಕೇಳಿ ನಗುವಾಗ ಈ ಮೌನವೂ ನಮ್ಮ ನೆನಪಿನಲ್ಲಿರಬೇಕು.