ಹೊಗೆಗೆ ಸತ್ತವರನ್ನ ಎಣಿಸೋದು ಹೇಗೆ?

1952ರ ಡಿಸೆಂಬರ್ 5. ಲಂಡನ್ ಮೇಲೆ ಹೊಗೆ ಬೆರೆತ ಮಂಜು ಇಳೀತು, 9ರವರೆಗೆ ಕದಲಲೇ ಇಲ್ಲ. ಹಗಲಲ್ಲೇ ಬಸ್ಸಿನ ಮುಂದೆ ಕಂಡಕ್ಟರ್ ದೀಪ ಹಿಡಿದು ನಡೆದು ದಾರಿ ತೋರಿಸಬೇಕಾಯ್ತು.

ಚಳಿ ಜೋರಿತ್ತು, ಮನೆಮನೆಯಲ್ಲೂ ಕಲ್ಲಿದ್ದಲು ಉರೀತಿತ್ತು. ಮೇಲೆ ಬೆಚ್ಚಗಿನ ಗಾಳಿಯ ಪದರ, ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಗಂಧಕದ ಹೊಗೆ ಹೊರಗೆ ಹೋಗೋಕೆ ದಾರಿಯೇ ಇಲ್ಲ. ಆದ್ರೆ ಲಂಡನ್ ಜನಕ್ಕೆ ಇಂಥ ಮಂಜು ಹೊಸದೇನಲ್ಲ. ಎಷ್ಟು ದೊಡ್ಡ ಅನಾಹುತ ಅಂತ ಆಗ ಯಾರಿಗೂ ಅಂದಾಜಿರಲಿಲ್ಲ. ಶವಪೆಟ್ಟಿಗೆಗಳೇ ಸಾಲದೆ ಹೋದವು ಅಂತಾರೆ.

ಈಗ ಅಸಲಿ ತೊಡಕು ನೋಡಿ. ಮರಣಪತ್ರದಲ್ಲಿ ‘ಹೊಗೆ’ ಅಂತ ಯಾರೂ ಬರೆಯಲ್ಲ. ಬ್ರಾಂಕೈಟಿಸ್, ನ್ಯುಮೋನಿಯಾ, ಹೃದಯಾಘಾತ ಅಂತ ಬರೀತಾರೆ. ಹಾಗಾದ್ರೆ ಲೆಕ್ಕ ಹೇಗೆ? ಕಳೆಯುವ ಲೆಕ್ಕ, ಅಷ್ಟೇ. ಸರ್ಕಾರಿ ಸಂಖ್ಯಾಶಾಸ್ತ್ರಜ್ಞ ಲೋಗನ್ ವಾರವಾರದ ಸಾವಿನ ದಾಖಲೆ ಮುಂದಿಟ್ಟುಕೊಂಡು ಕೂತರು. ಗ್ರೇಟರ್ ಲಂಡನ್‌ನಲ್ಲಿ ಒಂದು ವಾರ 2,062 ಸಾವು, ಮರುವಾರ 4,703. ಮಾಮೂಲಿ ಸಂಖ್ಯೆ ಕಳೆದು, ಕೆಲವು ವಾರಗಳದ್ದು ಕೂಡಿಸಿದಾಗ ಸಿಕ್ಕಿದ್ದು ಸುಮಾರು 4,000.

ಆದ್ರೆ ‘ಕೆಲವು ವಾರ’ ಅಂದ್ರೆ ಎಷ್ಟು? ಮಂಜು ಕರಗಿದ ಮೇಲೂ 1953ರ ಮೊದಲ ತಿಂಗಳುಗಳಲ್ಲಿ ಸಾವು ಮಾಮೂಲಿ ಮಟ್ಟಕ್ಕೆ ಇಳಿಯಲಿಲ್ಲ. ಸರ್ಕಾರ ಅದನ್ನೆಲ್ಲ ಫ್ಲೂ ಜ್ವರದ ಖಾತೆಗೆ ಹಾಕಿಬಿಡ್ತು. (ಅನುಕೂಲದ ಉತ್ತರ, ಅಲ್ವಾ?) 2004ರಲ್ಲಿ ಮಿಶೆಲ್ ಬೆಲ್ ಮತ್ತು ಜೊತೆಗಾರರು ಹಳೇ ದಾಖಲೆ ಮತ್ತೆ ಬಿಡಿಸಿ ನೋಡಿದರು. ಅಷ್ಟು ಸಾವಿಗೆ ಫ್ಲೂ ಒಂದೇ ಕಾರಣ ಆಗೋಕೆ ಸಾಧ್ಯವೇ ಇಲ್ಲ ಅಂತ ಗೊತ್ತಾಯ್ತು. ಫೆಬ್ರವರಿವರೆಗೆ ಎಣಿಸಿದರೆ ಲೆಕ್ಕ ಸುಮಾರು 12,000. ದಾಖಲೆ ಅವೇ, ಸತ್ತವರೂ ಅವರೇ. ಗೆರೆ ಎಲ್ಲಿ ಎಳೀತೀರಿ ಅನ್ನೋದಷ್ಟೇ ಬದಲಾಯ್ತು.

‘ಸತ್ತವರು ಹೇಗೂ ವಯಸ್ಸಾದವರು, ಕಾಯಿಲೆಯವರು, ನಾಲ್ಕು ದಿನ ಆಚೆ ಹೋಗ್ತಿದ್ರು’ ಅಂತ ಯಾರಾದ್ರೂ ವಾದ ಮಾಡಿದ್ರೆ, ಅದನ್ನೂ ಇದೇ ಲೆಕ್ಕದಲ್ಲಿ ಪರೀಕ್ಷಿಸಬಹುದು. ಅದು ನಿಜವಾಗಿದ್ರೆ ಮುಂದಿನ ವಾರಗಳಲ್ಲಿ ಸಾವು ಮಾಮೂಲಿಗಿಂತ ಕಮ್ಮಿ ಆಗಬೇಕಿತ್ತಲ್ಲ? ಆಗಲಿಲ್ಲ. ‘ಅಕಾಲ ಮರಣ’ ಅನ್ನೋ ಮಾತಿನ ತೂಕ ಇರೋದು ಇಲ್ಲೇ.

ಸರಿ, ಐದು ದಿನದ ಮಂಜಿನ ಲೆಕ್ಕ ಹೀಗೆ. ದಿನಾ ಸ್ವಲ್ಪ ಸ್ವಲ್ಪ ಹೊಗೆ ಕುಡಿಯೋರದ್ದು? ಅಲ್ಲಿ ಸಾವಿನ ಗ್ರಾಫ್ ದಿಢೀರಂತ ಮೇಲೇಳಲ್ಲ. ಅದಕ್ಕೆ ಅಮೆರಿಕದ ಆರು ಊರುಗಳಲ್ಲಿ 8,111 ಜನರನ್ನ 14–16 ವರ್ಷ ಗಮನಿಸಿದರು. 1993ರಲ್ಲಿ ಫಲಿತಾಂಶ ಬಂತು: ಸಿಗರೇಟಿನಂಥ ಕಾರಣಗಳನ್ನ ಲೆಕ್ಕಕ್ಕೆ ತಗೊಂಡ ಮೇಲೂ, ಅತಿ ಕೊಳಕು ಗಾಳಿಯ ಊರಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ 26% ಜಾಸ್ತಿ. ಇಂಥ ಅಧ್ಯಯನಗಳಿಂದ ಸಿಕ್ಕ ಅಪಾಯದ ಪ್ರಮಾಣವನ್ನ ಒಂದು ದೇಶದ ಗಾಳಿ, ಜನಸಂಖ್ಯೆ, ಸಾವಿನ ದರದ ಜೊತೆ ಸೇರಿಸಿ ಇವತ್ತಿನ ಅಂದಾಜು ಮಾಡ್ತಾರೆ. 2019ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು: ಹೊರಗಿನ ಗಾಳಿಯಿಂದಲೇ ಜಗತ್ತಿನಲ್ಲಿ 42 ಲಕ್ಷ ಅಕಾಲ ಮರಣ.

ಬ್ರಿಟನ್‌ನಲ್ಲಿ ಶುದ್ಧ ಗಾಳಿ ಕಾಯ್ದೆ ಬಂದಿದ್ದು 1956ರಲ್ಲಿ. ಆಗ ಸಂಸತ್ತಿನ ಮುಂದಿದ್ದ ಸರ್ಕಾರಿ ಲೆಕ್ಕ ಇನ್ನೂ ಆ 4,000ವೇ.