ಕೊರಳ ಮಣಿ, ಕಿವಿಯ ಮಂತ್ರ

ನನ್ನ ಸೋದರತ್ತೆಯ ಮನೆಯಲ್ಲಿ ದೇವರ ಜಗಲಿಯ ಪಕ್ಕದ ಗೋಡೆಗೆ ಒಂದು ಮರದ ಗೂಟವಿತ್ತು. ತಿಂಗಳಿನಲ್ಲಿ ನಾಲ್ಕು ದಿನ ಆ ಗೂಟದ ಮೇಲೆ ಅವಳ ರುದ್ರಾಕ್ಷಿಯ ಸರ ತೂಗುತ್ತಿತ್ತು. ಉಳಿದ ದಿನಗಳಲ್ಲಿ ಗೂಟ ಬರಿದಾಗಿರುತ್ತಿತ್ತು. ಲಿಂಗದ ಕರಡಿಗೆ ಮಾತ್ರ ಆ ನಾಲ್ಕು ದಿನವೂ ಅವಳ ಕೊರಳಲ್ಲಿಯೇ ಇರುತ್ತಿತ್ತು. ಲಿಂಗವನ್ನು ಅಂಗದಿಂದ ಅಗಲಿಸಲಾಗದು, ರುದ್ರಾಕ್ಷಿಯನ್ನು ಅಗಲಿಸಬಹುದು ಎಂದು ಮನೆಯ ಹಿರಿಯರು ಎಂದೋ ನಿರ್ಣಯಿಸಿದ್ದಿರಬೇಕು. ಎಂಟು ಒಂಬತ್ತು ವರ್ಷದ ಹುಡುಗನಾಗಿದ್ದ ನಾನು ಒಮ್ಮೆ ಅದರ ಕಾರಣ ಕೇಳಿದೆ. ‘ಸುಮ್ನಿರು ತಮ್ಮಾ, ಗಂಡು ಹುಡುಗ್ರು ಕೇಳೂ ಮಾತಲ್ಲ ಅದು’ ಎಂದಳು. ನಾನು ಸುಮ್ಮನಾದೆ. ಆದರೆ ಆ ಗೂಟ ನನ್ನ ಮನಸ್ಸಿನಿಂದ ಹೋಗಲಿಲ್ಲ. ಮುಂದೆ ಓದುಬರಹದ ದಾರಿ ಹಿಡಿದ ಮೇಲೆ ಹೆಂಗಸಿನ ಕೊರಳು ಮತ್ತು ರುದ್ರಾಕ್ಷಿ ಇವೆರಡರ ಸಂಬಂಧವನ್ನು ಗ್ರಂಥಗಳಲ್ಲಿ ಹುಡುಕುವ ಚಟವೇ ನನಗೆ ಅಂಟಿಕೊಂಡಿತು. ಹಾಗೆ ಹುಡುಕಿದಾಗ ಸಿಕ್ಕ ಕೆಲವು ಸಂಗತಿಗಳನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಮಣಿಯ ಮಾತು. ಸಂಸ್ಕೃತದಲ್ಲಿ ಅದು ರುದ್ರಾಕ್ಷ. ಕನ್ನಡದ ಬಾಯಿಗೆ ಬಂದು ರುದ್ರಾಕ್ಷಿಯಾಯಿತು. ಹೆಸರಾದರೂ ಹೆಣ್ಣಾಯಿತಲ್ಲ ಎಂದು ನಾನು ಎಷ್ಟೋ ಸಲ ನಗೆಯಾಡಿದ್ದುಂಟು. ಅದು ಒಂದು ನಿತ್ಯಹಸುರಿನ ಮರದ ಹಣ್ಣಿನ ಓಟೆ. ಹಣ್ಣು ನೋಡಲು ಗಾಢ ನೀಲಿ. ತಿರುಳನ್ನು ಕೊಳೆಸಿ ತೊಳೆದಾಗ ಒಳಗಿನ ಗೀರುಬಿದ್ದ ಗಟ್ಟಿ ಮಣಿ ಹೊರಬೀಳುತ್ತದೆ. ಗೀರಿನಿಂದ ಗೀರಿಗೆ ಇರುವ ಭಾಗವೇ ಮುಖ. ಐದು ಮುಖದವು ಹೇರಳ, ಉಳಿದವು ವಿರಳ, ಆದ್ದರಿಂದಲೇ ದುಬಾರಿ. ನೇಪಾಳದ ಮಣಿ ದಪ್ಪ, ಜಾವಾದ ಮಣಿ ಸಣ್ಣದು. ಕಾಶಿಯಲ್ಲಾಗಲಿ ಶ್ರೀಶೈಲದಲ್ಲಾಗಲಿ ನಾವು ಭಕ್ತಿಯಿಂದ ಕೊಂಡು ತರುವ ಸಣ್ಣ ಮಣಿಗಳ ಸರ ಬಹುಮಟ್ಟಿಗೆ ಕಡಲು ದಾಟಿ ಬಂದದ್ದು.

ಇದನ್ನು ಯಾರು ಧರಿಸಬಹುದು? ಪುರಾಣಗಳು ಈ ವಿಷಯದಲ್ಲಿ ನಾವು ಊಹಿಸುವುದಕ್ಕಿಂತ ಉದಾರವಾಗಿವೆ. ಶಿವಪುರಾಣದ ವಿದ್ಯೇಶ್ವರ ಸಂಹಿತೆಯಲ್ಲಿ ರುದ್ರಾಕ್ಷದ ಮಹಿಮೆಗಾಗಿಯೇ ಒಂದು ಅಧ್ಯಾಯವಿದೆ. ಎಲ್ಲ ಆಶ್ರಮದವರೂ, ಎಲ್ಲ ವರ್ಣದವರೂ, ಸ್ತ್ರೀಯರೂ ಶೂದ್ರರೂ ಶಿವನ ಆಜ್ಞೆಯಂತೆ ಇದನ್ನು ಸದಾ ಧರಿಸಬಹುದೆಂದು ಅಲ್ಲಿ ನಿಸ್ಸಂದಿಗ್ಧವಾಗಿ ಹೇಳಿದೆ. ಆದರೆ ಅದೇ ಅಧ್ಯಾಯ ಮಣಿಯ ಬಣ್ಣವನ್ನು ನಾಲ್ಕಾಗಿ ವಿಂಗಡಿಸಿ ಬಿಳಿಯದು ಬ್ರಾಹ್ಮಣನಿಗೆ, ಕಪ್ಪು ಶೂದ್ರನಿಗೆ ಎಂದು ಹಂಚುತ್ತದೆ; ಪ್ರಣವದೊಡನೆ ಧರಿಸುವ ಮಾತನ್ನು ಯತಿಗಳಿಗೆ ಹೇಳುತ್ತದೆ. ಅಂದರೆ ಬಾಗಿಲನ್ನು ತೆರೆದವರೇ ಒಳಗೆ ಸಾಲು ಸಾಲಾಗಿ ಮಣೆ ಹಾಕಿದ್ದಾರೆ. ಆದರೂ ಬಾಗಿಲು ತೆರೆದದ್ದು ಸುಳ್ಳಲ್ಲ.

ಅದೇ ಪುರಾಣದ ಶತರುದ್ರ ಸಂಹಿತೆಯಲ್ಲಿ ನಂದಿಗ್ರಾಮದ ಮಹಾನಂದೆಯೆಂಬ ವೇಶ್ಯೆಯ ಕತೆ ಬರುತ್ತದೆ. ಆಕೆ ಶಿವಭಕ್ತೆ, ಭಸ್ಮ ಧರಿಸಿದವಳು, ರುದ್ರಾಕ್ಷಿ ತೊಟ್ಟವಳು. ಸಾಲದೆಂಬಂತೆ ತಾನು ಸಾಕಿದ ಒಂದು ಕೋತಿಗೂ ಒಂದು ಹುಂಜಕ್ಕೂ ರುದ್ರಾಕ್ಷಿ ಕಟ್ಟಿ, ಕೈತಾಳ ಹಾಕಿ ಶಿವನಾಮ ಹಾಡುತ್ತ ಅವನ್ನು ಕುಣಿಸುತ್ತಿದ್ದಳು. ಶಿವ ಅವಳನ್ನು ಪರೀಕ್ಷಿಸಲು ರತ್ನದ ಕಂಕಣ ತೊಟ್ಟ ವೈಶ್ಯನಾಗಿ ಬಂದ. ಆ ಕಂಕಣಕ್ಕೆ ಪ್ರತಿಯಾಗಿ ಮೂರು ದಿನ ನಿನ್ನ ಧರ್ಮಪತ್ನಿಯಾಗಿರುತ್ತೇನೆ ಎಂದು ಆಕೆ ಮಾತುಕೊಟ್ಟಳು. ಅವನು ಕಾಪಾಡಲು ಕೊಟ್ಟ ರತ್ನದ ಲಿಂಗ ನಾಟ್ಯಮಂಟಪದ ಬೆಂಕಿಯಲ್ಲಿ ನಾಶವಾಯಿತು, ವೈಶ್ಯ ಚಿತೆಯೇರಿದ, ಮೂರು ದಿನದ ಹೆಂಡತಿಯಾದರೂ ಹೆಂಡತಿಯೇ ಎಂದು ಮಹಾನಂದೆಯೂ ಬೆಂಕಿಗೆ ಹೊರಟಾಗ ಶಿವ ಪ್ರತ್ಯಕ್ಷನಾದ. ಕತೆಯ ಕೊನೆಯ ಭಾಗ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಅದರ ಆರಂಭದ ಚಿತ್ರ ಮರೆಯುವಂಥದಲ್ಲ. ಯಾವ ಮಡಿಯ ಲೆಕ್ಕಕ್ಕೂ ಸಿಕ್ಕದ ಒಬ್ಬ ಹೆಂಗಸು ಯಾರ ಅಪ್ಪಣೆಯನ್ನೂ ಕೇಳದೆ ರುದ್ರಾಕ್ಷಿ ಕಟ್ಟಿಕೊಂಡು, ಕೋತಿ ಕೋಳಿಗಳಿಗೂ ಕಟ್ಟಿದಳು. ಪುರಾಣಕಾರನು ಅವಳನ್ನು ಗದರಿಸಲಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ಅಮರಜಾ ನದಿಗಳು ಕೂಡುವಲ್ಲಿ ಗಾಣಗಾಪುರವಿದೆ. ಅಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಗಳ ಚರಿತ್ರೆಯನ್ನು ಸರಸ್ವತೀ ಗಂಗಾಧರರು ಮರಾಠಿಯ ಓವಿಗಳಲ್ಲಿ ಬರೆದರು. ಅದೇ ‘ಗುರುಚರಿತ್ರೆ’. ಮರಾಠಿ ಗ್ರಂಥವಾದರೂ ನಡುವೆ ಕನ್ನಡದ ಪದಗಳೂ ಬರುವುದುಂಟು. ಗಡಿಯ ನೀರು ಎರಡು ದಡಕ್ಕೂ ತಾಗುತ್ತದೆ. ಇದರಲ್ಲಿ ರುದ್ರಾಕ್ಷಿಯ ಪ್ರಸಂಗವೊಂದಿದೆ. ನನ್ನ ವಿಷಯದ ತಿರುಳೆಲ್ಲ ಅದರಲ್ಲಿ ಅಡಗಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಾಹೂರಿನಿಂದ ಒಬ್ಬ ತರುಣಿ ಕ್ಷಯರೋಗದಿಂದ ನರಳುವ ಗಂಡನನ್ನು ಕರೆದುಕೊಂಡು ಗಾಣಗಾಪುರಕ್ಕೆ ಬರುತ್ತಾಳೆ. ಊರು ಮುಟ್ಟುವಷ್ಟರಲ್ಲಿ ಗಂಡ ತೀರಿಕೊಳ್ಳುತ್ತಾನೆ. ಗೋಳಾಡುವ ಅವಳ ಬಳಿಗೆ ಭಸ್ಮಧಾರಿಯಾದ ಯತಿಯೊಬ್ಬ ಬಂದು ಪತಿವ್ರತೆಯ ನಡೆ, ಸಹಗಮನ, ವಿಧವೆಯ ಕಟ್ಟಳೆ ಎಲ್ಲವನ್ನೂ ವಿಸ್ತಾರವಾಗಿ ಬೋಧಿಸುತ್ತಾನೆ. ಆಕೆ ಸಹಗಮನಕ್ಕೆ ನಿಶ್ಚಯಿಸುತ್ತಾಳೆ. ಆಗ ಯತಿ ನಾಲ್ಕು ರುದ್ರಾಕ್ಷಿಗಳನ್ನು ಅವಳ ಕೈಗೆ ಕೊಟ್ಟು ಶವದ ಕೊರಳಿಗೂ ಕಿವಿಗಳಿಗೂ ಕಟ್ಟೆಂದು ಹೇಳಿ ಮಾಯವಾಗುತ್ತಾನೆ. ಚಿತೆಯೇರುವ ಮುನ್ನ ಗುರುದರ್ಶನಕ್ಕೆ ಬಂದ ಅವಳನ್ನು ನೃಸಿಂಹ ಸರಸ್ವತಿಗಳು ಸೌಭಾಗ್ಯವತಿಯಾಗೆಂದು ಹರಸುತ್ತಾರೆ. ಗಂಡ ಎದ್ದು ಕೂರುತ್ತಾನೆ. ಯತಿಯಾಗಿ ಬಂದವರೂ ಅವರೇ. 33ನೆಯ ಅಧ್ಯಾಯದಲ್ಲಿ ಅವರು ಆ ದಂಪತಿಗಳಿಗೆ ರುದ್ರಾಕ್ಷಿಯ ಮಹಿಮೆಯನ್ನು ತಿಳಿಸುತ್ತಾರೆ. ಹಾಗೆ ಹೇಳುವಾಗ ನಂದಿಗ್ರಾಮದ ಅದೇ ವೇಶ್ಯೆ, ಅದೇ ಕೋತಿ, ಅದೇ ಹುಂಜ ಮತ್ತೆ ಬರುತ್ತವೆ. ಪ್ರಾಣಿಗಳೆರಡೂ ಮರುಹುಟ್ಟಿನಲ್ಲಿ ಕಾಶ್ಮೀರದ ರಾಜಕುಮಾರ ಮತ್ತು ಮಂತ್ರಿಕುಮಾರರಾಗುತ್ತವೆ.

ಇಲ್ಲಿಗೆ ನಿಂತಿದ್ದರೆ ಅದೊಂದು ಮಂಗಳಕರವಾದ ಕತೆ. 35ನೆಯ ಅಧ್ಯಾಯದಲ್ಲಿ ಆ ಹೆಂಗಸು ಕೈಮುಗಿದು ಒಂದು ಪ್ರಾರ್ಥನೆ ಮಾಡುತ್ತಾಳೆ: ನನಗೊಂದು ಮಂತ್ರವನ್ನು ಉಪದೇಶಿಸಿ ಎಂದು. ಗುರುಗಳು ಒಪ್ಪುವುದಿಲ್ಲ. ಸ್ತ್ರೀಯರಿಗೆ ಮಂತ್ರೋಪದೇಶವಿಲ್ಲ, ಪತಿಸೇವೆಯೇ ಅವರಿಗೆ ಸಾಕು, ಕೊಟ್ಟರೆ ಮಂತ್ರ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂದು ಹೇಳಿ ಶುಕ್ರ, ಕಚ, ದೇವಯಾನಿಯರ ಕತೆಯನ್ನು ನಿದರ್ಶನವಾಗಿ ಕೊಡುತ್ತಾರೆ. ಸಂಜೀವಿನಿಯು ಮಗಳ ಕಿವಿಗೆ ಬಿದ್ದದ್ದರಿಂದಲೇ ಶುಕ್ರನ ಪಾಲಿಗೆ ನಿಷ್ಫಲವಾಯಿತಂತೆ. ಮಂತ್ರದ ಬದಲು ಅವಳಿಗೆ ಸೋಮವಾರದ ವ್ರತ ದೊರೆಯುತ್ತದೆ.

ಈ ಅಧ್ಯಾಯವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಗಂಡನ ಹೆಣಕ್ಕೆ ಕಟ್ಟಲು ನಾಲ್ಕು ಮಣಿಗಳನ್ನು ಅವಳ ಕೈಯಲ್ಲಿ ಇಡಬಹುದು. ಆ ಮಣಿಯ ಮಹಿಮೆಯನ್ನು ಅವಳು ಕುಳಿತು ಕೇಳಬಹುದು. ಆದರೆ ಮಣಿಯನ್ನು ಎಣಿಸುವಾಗ ಬಾಯಲ್ಲಿ ಬರಬೇಕಾದ ಅಕ್ಷರ ಮಾತ್ರ ಅವಳದಾಗಬಾರದು. ಇಂದಿಗೂ ಹೆಂಗಸರು ಗುರುಚರಿತ್ರೆಯ ಪಾರಾಯಣ ಮಾಡಬಾರದೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಕೇಳದೆ ಓದುವ ಹೆಂಗಸರೂ ಇದ್ದಾರೆ.

ಗುರುಚರಿತ್ರೆಗೆ ಬಹು ಹಿಂದೆಯೇ, ಗಾಣಗಾಪುರಕ್ಕೆ ಬಹಳ ದೂರವಲ್ಲದ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ಶರಣರು ಇದೇ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟಿದ್ದರು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣ. ಎಂಟನ್ನೂ ಗಂಡಿಗೊಂದು ಹೆಣ್ಣಿಗೊಂದು ಎಂದು ಪಾಲು ಮಾಡಲಿಲ್ಲ. ಗುರು ಶಿಷ್ಯೆಯ ಅಂಗೈಯಲ್ಲಿ ಲಿಂಗವನ್ನಿಟ್ಟ, ಕಿವಿಯಲ್ಲಿ ಪಂಚಾಕ್ಷರಿಯನ್ನು ಹೇಳಿದ. ಮಂತ್ರವು ಕಿವಿಗೆ ಬಿದ್ದ ಮೇಲೆ ಬಾಯಿ ಸುಮ್ಮನಿದ್ದೀತೇ? ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಹೆಸರುಗಳು ನಮಗೆ ದೊರೆತಿವೆ. ಅಕ್ಕಮಹಾದೇವಿ ಇದ್ದಾಳೆ, ಮುಕ್ತಾಯಕ್ಕ ಇದ್ದಾಳೆ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ ಇದ್ದಾಳೆ. ಸೂಳೆ ಸಂಕವ್ವೆಯೂ ಇದ್ದಾಳೆ. ಅವಳದೆಂದು ಉಳಿದಿರುವುದು ಒಂದೇ ಒಂದು ವಚನ. ಪುರಾಣದ ಮಹಾನಂದೆಯ ಕತೆಯನ್ನು ಬೇರೆಯವರು ಹೇಳಬೇಕಾಯಿತು. ಸಂಕವ್ವೆ ತನ್ನ ಮಾತನ್ನು ತಾನೇ ಆಡಿದಳು. ಹಾಗೆಂದು ಶರಣರು ಬರಿಯ ಮಣಿಯನ್ನು ಮೆಚ್ಚಿದವರಲ್ಲ. ಒಳಗೆ ಏನೂ ಇಲ್ಲದೆ ಮೈತುಂಬ ರುದ್ರಾಕ್ಷಿ ಹೇರಿಕೊಂಡವರನ್ನು ಅವರು ಹಂಗಿಸಿದಷ್ಟು ಯಾರೂ ಹಂಗಿಸಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಲಿಂಗವಂತರಿಗೆ ಐದು ಸೂತಕಗಳಿಲ್ಲವೆಂದು ಆ ಮತ ಹೇಳುತ್ತದೆ: ಜಾತಿ, ಜನನ, ಮರಣ, ಎಂಜಲು, ರಜಸ್ಸು. ಕೊನೆಯದನ್ನು ಒತ್ತಿ ಹೇಳಬೇಕು. ನನ್ನ ಅತ್ತೆಯ ಮನೆಯ ಗೋಡೆಗೆ ಗೂಟ ಬಡಿದವರು ಆ ಮತದವರೇ, ಆ ಮಾತನ್ನು ಪುರಾಣಪ್ರವಚನಗಳಲ್ಲಿ ಕೇಳಿದವರೇ. ಶಾಸ್ತ್ರ ಬಾಗಿಲನ್ನು ಮುಚ್ಚಿ ಲೋಕ ತೆರೆಯುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಶಾಸ್ತ್ರ ತೆರೆದಿತ್ತು, ಮನೆಯವರು ಮುಚ್ಚಿದರು.

ಆದರೆ ಆ ಮನೆಯವರೇ ಇನ್ನೊಂದು ದಿನ ಮುಚ್ಚಲಾರದೆ ಹೋದದ್ದನ್ನೂ ನೋಡಿದ್ದೇನೆ. ನನ್ನ ಮಾವ ತೀರಿಕೊಂಡಾಗ ಅತ್ತೆಗೆ ನಲವತ್ತು ದಾಟಿರಲಿಲ್ಲ. ಬಳೆ ಒಡೆದರು, ತಾಳಿ ತೆಗೆದರು, ಕಾಲುಂಗುರ ಬಿಚ್ಚಿದರು. ಒಬ್ಬ ಮುದುಕಿಯ ಕೈ ರುದ್ರಾಕ್ಷಿಯ ಸರದ ಕಡೆಗೂ ಚಾಚಿತು. ನನ್ನ ಅಜ್ಜ ಬಾಗಿಲಲ್ಲಿ ನಿಂತಿದ್ದವರು, ‘ಅದು ಗಂಡ ಕಟ್ಟಿದ್ದಲ್ಲವ್ವಾ, ಬಿಡ್ರಿ’ ಎಂದರು. ಮುದುಕಿ ಕೈ ಹಿಂದೆಗೆದುಕೊಂಡಳು. ಹೆಂಗಸಿನ ಮೈಮೇಲಿನ ಬೇರೆ ಮಂಗಳದ್ರವ್ಯಗಳೆಲ್ಲ ಗಂಡನ ಆಯುಸ್ಸನ್ನು ಹೇಳುವಂಥವು. ಲಿಂಗ, ವಿಭೂತಿ, ರುದ್ರಾಕ್ಷಿ ಮಾತ್ರ ಅವಳ ಗುರುವಿನಿಂದ ಬಂದವು. ಗಂಡ ಹೋದನೆಂದು ಅವನ್ನು ಕೀಳುವ ಅಧಿಕಾರ ಯಾರಿಗೂ ಇಲ್ಲ. ಕೆಳದಿಯ ಚೆನ್ನಮ್ಮಾಜಿ 1671ರಲ್ಲಿ ಗಂಡ ಸೋಮಶೇಖರ ನಾಯಕನನ್ನು ಕಳೆದುಕೊಂಡ ಮೇಲೆ ಇಪ್ಪತ್ತೈದು ವರ್ಷದಷ್ಟು ಕಾಲ ರಾಜ್ಯವಾಳಿದಳು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. 1824ರಲ್ಲಿ ಕಿತ್ತೂರಿನ ಕೋಟೆಯಿಂದ ಇಂಗ್ಲಿಷರನ್ನು ಎದುರಿಸಿದ ಚೆನ್ನಮ್ಮನೂ ವಿಧವೆಯೇ. ಇಬ್ಬರದೂ ವೀರಶೈವ ಮನೆತನ. ಇದಕ್ಕೆಲ್ಲ ಕೊರಳ ಮಣಿಯೇ ಕಾರಣವೆಂದು ಹೇಳಲು ನನಗೂ ಆಸೆಯಾಗುತ್ತದೆ. ಆದರೆ ಇಂದೂರಿನ ಅಹಲ್ಯಾಬಾಯಿ ಹೋಳ್ಕರಳೂ ವಿಧವೆಯಾಗಿಯೇ ಆಳಿದಳು, ಅವಳು ಲಿಂಗವಂತಳಲ್ಲ. ಆದ್ದರಿಂದ ಈ ಹಗ್ಗವನ್ನು ಬಹಳ ಎಳೆಯಬಾರದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬಂಗಾಳದಲ್ಲಿ ಶ್ರೀರಾಮಕೃಷ್ಣರು ಫಲಹಾರಿಣೀ ಕಾಳಿಕಾಪೂಜೆಯ ರಾತ್ರಿ ಪತ್ನಿ ಶಾರದಾದೇವಿಯನ್ನು ಪೀಠದ ಮೇಲೆ ಕುಳ್ಳಿರಿಸಿ ಪೂಜಿಸಿ, ತಮ್ಮ ಸಾಧನೆಯ ಫಲವನ್ನೂ ಜಪಮಾಲೆಯನ್ನೂ ಆಕೆಯ ಪಾದಕ್ಕೆ ಅರ್ಪಿಸಿದರು. ಅಲ್ಲಿ ಮಾಲೆ ಗಂಡಿನ ಕೈಯಿಂದ ಹೆಣ್ಣಿನ ಪಾದಕ್ಕೆ ಬಂತು. ಆಕೆ ಮುಂದೆ ಗಂಡಸರಿಗೂ ಹೆಂಗಸರಿಗೂ ತಾನೇ ಮಂತ್ರದೀಕ್ಷೆ ಕೊಟ್ಟಳು. ಮಂತ್ರದ ಶಕ್ತಿ ಕುಂದಿತೆಂದು ಆ ಶಿಷ್ಯರಾರೂ ದೂರಲಿಲ್ಲ. 1898ರಲ್ಲಿ ಬ್ರಹ್ಮಚರ್ಯ ದೀಕ್ಷೆ ಪಡೆದ ಐರಿಷ್ ಮಹಿಳೆ ನಿವೇದಿತಾರ ಚಿತ್ರವನ್ನು ತಾವೆಲ್ಲ ನೋಡಿರುತ್ತೀರಿ: ಬಿಳಿಯ ನಿಲುವಂಗಿ, ಕೊರಳಲ್ಲಿ ರುದ್ರಾಕ್ಷಿ. 1954ರಲ್ಲಿ ಶ್ರೀ ಶಾರದಾ ಮಠ ಸ್ಥಾಪನೆಯಾಯಿತು. 1959ರಲ್ಲಿ ಅಲ್ಲಿನ ಹೆಂಗಸರು ಸಂನ್ಯಾಸ ಪಡೆದರು. ನಮ್ಮಲ್ಲಿ 1970ರಲ್ಲಿ ಮಾತೆ ಮಹಾದೇವಿಯವರು ಧಾರವಾಡದಲ್ಲಿ ಮಹಿಳಾ ಜಗದ್ಗುರುವಾಗಿ ಪೀಠವೇರಿದಾಗ ಅಚ್ಚರಿಪಟ್ಟವರು, ಮುನಿಸಿಕೊಂಡವರು ಅನೇಕರು. ಎಂಟು ನೂರು ವರ್ಷಗಳ ಹಿಂದೆ ಒಪ್ಪಿಕೊಂಡ ಮಾತಿಗೆ ಇಷ್ಟು ತಡವಾಗಿ ಅಚ್ಚರಿಪಡುವುದೇ ನನಗೆ ಅಚ್ಚರಿ.

ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದಿಂದ ಮೊದಲ್ಗೊಂಡು ವಚನಗಳೆಲ್ಲ ಅಚ್ಚಾಗಿ ನಮ್ಮ ಮನೆಗಳಿಗೆ ಬಂದವು. ನಮ್ಮ ಮನೆಗೂ ಬಂದವು. ಅವುಗಳ ಸಹಾಯದಿಂದಲೇ ಪಂಚಸೂತಕದ ವಿಷಯವನ್ನು ನಾನು ಅರಿತದ್ದು. ಅರಿತ ಹುರುಪಿನಲ್ಲಿ ಒಂದು ರಜೆಗೆ ಊರಿಗೆ ಹೋದವನು ಅತ್ತೆಯ ಮುಂದೆ ಅದನ್ನೆಲ್ಲ ವಿವರಿಸಿದೆ. ಆ ಗೂಟಕ್ಕೆ ಶಾಸ್ತ್ರದ ಆಧಾರವೇ ಇಲ್ಲ, ನೀನು ಒಂದು ದಿನವೂ ಸರವನ್ನು ತೆಗೆಯಬೇಕಾಗಿರಲಿಲ್ಲ ಎಂದೆ. ಆಗ ಅವಳಿಗೆ ಅರುವತ್ತರ ಹತ್ತಿರ. ಶಿವದಾರಕ್ಕೆ ಹೊಸ ನೂಲು ಹೊಸೆಯುತ್ತ ಕುಳಿತಿದ್ದಳು. ಕೈ ನಿಲ್ಲಿಸದೆ, ‘ಈಗ ಹೇಳ್ತಿಯಲ್ಲೋ ತಮ್ಮಾ, ನಂದೆಲ್ಲಾ ಮುಗಿದ ಮ್ಯಾಲೆ’ ಎಂದಳು. ಸ್ವಲ್ಪ ಹೊತ್ತಿನ ನಂತರ ಒಳಗೆ ಅಡುಗೆ ಮಾಡುತ್ತಿದ್ದ ತನ್ನ ಸೊಸೆಯನ್ನು ಕೂಗಿ ಕರೆದು, ‘ಇವ ಹೇಳೂದು ಕೇಳಿಲ್ಲಿ’ ಎಂದು ನನ್ನನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿಸಿದಳು. ಸೊಸೆ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳಿದಳು.

ಮುಂದಿನ ಸಲ ನಾನು ಹೋದಾಗ ಆ ಗೂಟಕ್ಕೆ ಮಕ್ಕಳ ಶಾಲೆಯ ಚೀಲ ತೂಗುಹಾಕಿದ್ದರು.